ನಾಲ್ಕೇ ಗೊಂಬೆ ಇದ್ದರೂ ಸಾಕು

ಪುಟ್ಟ ಗೊಂಬೆಗಳನ್ನು ಕೂಡಿಡುವ ಆಸೆ ಹುಟ್ಟಿದವರಲ್ಲಿ ಹಲವರು ಅದನ್ನು ಬಲು ಬೇಗ ಕೈಬಿಡುತ್ತಾರೆ. ದುಡ್ಡು ಸಾಲದೆ ಬಿಟ್ಟವರನ್ನು ನಾನು ಅಷ್ಟಾಗಿ ಕಂಡಿಲ್ಲ, ಮನಸ್ಸು ಕುಗ್ಗಿ ಬಿಟ್ಟವರನ್ನೇ ಹೆಚ್ಚು ಕಂಡಿದ್ದೇನೆ. ಬೇರೆಯವರ ಮನೆಯಲ್ಲೋ, ಮೊಬೈಲಿನಲ್ಲೋ, ಮೈಸೂರಿನ ದಸರೆಯಲ್ಲೋ ಸಾಲುಸಾಲು ಗೊಂಬೆ ನೋಡುತ್ತಾರೆ. ಮನೆಗೆ ಬಂದು ತಮ್ಮ ಕಪಾಟಿನ ಮೂರು ಮತ್ತೊಂದರ ಮೇಲೆ ಕಣ್ಣು ಹಾಯಿಸುತ್ತಾರೆ. ‘ಇದೇನು ಮಹಾ’ ಎಂದು ಬಾಗಿಲು ಹಾಕಿಬಿಡುತ್ತಾರೆ. ಆ ಬಾಗಿಲು ಹಾಕಬೇಡಿ ಎಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ನಾನು ತಿರುಮಣಿಯವಳು. ಬಟ್ಟೆ ಹೊಲಿಯುವುದು ನನ್ನ ಕೆಲಸ. ಪಾವಗಡ ತಾಲ್ಲೂಕಿಗೆ ಮೂರು ಕಡೆ ಆಂಧ್ರ, ನಮ್ಮೂರು ಆ ಗಡಿಗೆ ಅಂಟಿಕೊಂಡೇ ಇದೆ. ಸೋಲಾರ್ ಪಾರ್ಕ್ ಬಂದಮೇಲೆ ದೂರದವರಿಗೂ ಊರಿನ ಹೆಸರು ಗೊತ್ತಾಯಿತು. ತಿರುಮಣಿ, ಬಳಸಮುದ್ರ, ಕ್ಯಾತಗಾನಚರ್ಲು, ವಳ್ಳೂರು, ರಾಯಚರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಈಗ 2,050 ಮೆಗಾವಾಟ್‌ನ ಸೋಲಾರ್ ಪ್ಲೇಟುಗಳು ನಿಂತಿವೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಶುರುವಾಗಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರುತ್ತದೆ. ಭೂಮಿ ಕೊಟ್ಟ ಮನೆಗಳಲ್ಲಿ ಕಡಲೆಕಾಯಿ ಬಿತ್ತುವ ಕೆಲಸ ನಿಂತಿತು, ಕೆಲವರು ಆ ದುಡ್ಡಿನಲ್ಲಿ ಹೊಸ ಮನೆ ಕಟ್ಟಿದರು. ಹೊಸ ಮನೆ ಎಂದಮೇಲೆ ಹಾಲ್‌ನಲ್ಲಿ ಗಾಜಿನ ಬಾಗಿಲಿನ ಶೋಕೇಸ್ ಇರಲೇಬೇಕು. ಬಹುಪಾಲು ಶೋಕೇಸ್‌ಗಳಲ್ಲಿ ಮಕ್ಕಳು ಶಾಲೆಯಲ್ಲಿ ಗೆದ್ದ ಕಪ್ಪು, ಯಾರದೋ ಮದುವೆಯಲ್ಲಿ ಕೊಟ್ಟ ಗಾಜಿನ ಲೋಟ, ಒಂದು ಗೋಡೆ ಗಡಿಯಾರದ ಡಬ್ಬಿ ಇರುತ್ತವೆ. ಉಳಿದಿದ್ದು ಖಾಲಿ. ನನ್ನ ಗೊಂಬೆಗಳು ಕೂತಿರುವುದು ಅಂಥದ್ದೇ ಒಂದು ಶೋಕೇಸಿನ ನಡುವಿನ ಅಂತಸ್ತಿನಲ್ಲಿ.

ಗೊಂಬೆ ಕೂರಿಸುವುದು ನಮ್ಮಂಥ ಬೇಸಾಯದ ಮನೆಗಳ ಪದ್ಧತಿ ಆಗಿರಲಿಲ್ಲ. ಪಟ್ಟದ ಗೊಂಬೆಯ ಜೋಡಿಯನ್ನು ತಾಯಿ ಮಗಳಿಗೆ ಮದುವೆಯಲ್ಲಿ ಕೊಡುವುದು, ನವರಾತ್ರಿಗೆ ಮೂರು, ಐದು, ಏಳು, ಒಂಬತ್ತು ಎಂದು ಬೆಸ ಲೆಕ್ಕದಲ್ಲಿ ಮೆಟ್ಟಿಲು ಕಟ್ಟಿ ಜೋಡಿಸುವುದು, ಇವೆಲ್ಲ ಅರಮನೆಯಿಂದ ಬಂದದ್ದು, ಪೇಟೆಯವರದ್ದು ಎಂಬ ಭಾವನೆ ನಮ್ಮಲ್ಲಿತ್ತು. ಮೈಸೂರು ಅರಮನೆಯಲ್ಲಿ ಗೊಂಬೆ ತೊಟ್ಟಿ ಎಂಬ ಜಾಗವೇ ಇದೆ. ನಮ್ಮ ಕಡೆ ತೆಲುಗು ಮನೆಗಳಲ್ಲಿ ಕೆಲವರು ದಸರೆಯ ಬದಲು ಸಂಕ್ರಾಂತಿಗೆ ಬೊಮ್ಮಲ ಕೊಲುವು ಕೂರಿಸುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಇರಲಿಲ್ಲ. ಹಾಗಾಗಿ ನಾನು ಗೊಂಬೆ ತರಲು ಶುರು ಮಾಡಿದಾಗ ಅತ್ತೆ, ‘ನಮ್ಗ್ಯಾಕಮ್ಮ ಇವೆಲ್ಲ’ ಎಂದರು. ಬೈದು ಹೇಳಿದ್ದಲ್ಲ, ನಿಜವಾಗಿ ಕೇಳಿದ್ದು. ಆ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಅಜ್ಜಿ ಕೊಟ್ಟ ಪೆಟ್ಟಿಗೆ ಇಲ್ಲದವರಿಗೂ ಗೊಂಬೆಯ ಮೇಲೆ ಹಕ್ಕಿದೆ. ಪರಂಪರೆ ಇರುವ ಮನೆಯಲ್ಲೂ ಯಾವುದೋ ಕಾಲದಲ್ಲಿ ಯಾವಳೋ ಒಬ್ಬಳು ಮೊದಲನೆಯ ಗೊಂಬೆ ತಂದಿದ್ದಳು ತಾನೆ? ನಮ್ಮ ಮನೆಯಲ್ಲಿ ಅದು ನಾನು.

ಹೊಸಬರ ಧೈರ್ಯ ಕೆಡಿಸುವುದರಲ್ಲಿ ಹೋಲಿಕೆಯಷ್ಟು ಬಲವಾದದ್ದು ಬೇರೆ ಇಲ್ಲ. ನಮ್ಮ ಬೀದಿಯಲ್ಲಿ ಡಿಗ್ರಿ ಓದುವ ಹುಡುಗಿಯೊಬ್ಬಳಿದ್ದಾಳೆ. ಬ್ಲೌಸ್ ಅಳತೆ ಕೊಡಲು ಬಂದವಳು ನನ್ನ ಗೊಂಬೆ ನೋಡಿ ಅವಳೂ ಶುರು ಮಾಡಿದಳು. ಕಿಂಡರ್ ಜಾಯ್ ಒಳಗೆ ಬರುವ ಪ್ಲಾಸ್ಟಿಕ್ ಗೊಂಬೆಗಳಿಂದ ಮೊದಲಾಯಿತು. ಆಮೇಲೆ ಫೋನಿನಲ್ಲಿ ಬೇರೆಯವರ ಸಂಗ್ರಹ ನೋಡತೊಡಗಿದಳು. ಗೋಡೆಯಿಂದ ಗೋಡೆಗೆ ಗಾಜಿನ ಕಪಾಟು, ಒಳಗೆ ದೀಪ. ಒಂದು ದಿನ ಬಂದು, ‘ನನ್ನತ್ರ ಏನೂ ಇಲ್ಲ ಬಿಡಕ್ಕ, ಸುಮ್ನೆ ದುಡ್ಡು ದಂಡ’ ಎಂದಳು. ಅವಳ ಹತ್ತಿರ ಆಗ ಇದ್ದದ್ದು ಒಂದು ಕಪ್ಪೆ, ಒಂದು ಗಗನಯಾತ್ರಿ, ಎರಡು ಕಾರು. ಕಪ್ಪೆ ಬಹಳ ಚೆನ್ನಾಗಿತ್ತು. ಹಿಂದಿನ ಕಾಲು ಮಡಚಿ ಹಾರಲು ಸಿದ್ಧವಾದ ಹಾಗೆ ಕೂತಿತ್ತು. ಅದನ್ನು ಅವಳು ಸರಿಯಾಗಿ ನೋಡಿಯೇ ಇರಲಿಲ್ಲ, ಇಲ್ಲದವುಗಳ ಪಟ್ಟಿಯಲ್ಲೇ ಮುಳುಗಿದ್ದಳು.

ಆ ಪಟ್ಟಿಯನ್ನು ಉದ್ದ ಮಾಡುವುದೇ ಇಂದಿನ ಮಾರುಕಟ್ಟೆಯ ಕೆಲಸ. ಚೀನಾದ ಪಾಪ್ ಮಾರ್ಟ್ ಕಂಪನಿ ಮಾರುವ ಲಬೂಬು ಗೊಂಬೆಯ ಹುಚ್ಚು 2025ರಲ್ಲಿ ಲೋಕವೆಲ್ಲ ಹಬ್ಬಿತು. ಡಬ್ಬಿ ಮುಚ್ಚಿರುತ್ತದೆ, ಒಳಗೆ ಯಾವುದಿದೆ ಎಂದು ಕೊಳ್ಳುವವರಿಗೆ ತಿಳಿಯದು. ಅಪರೂಪದ ಗೊಂಬೆ ಸಿಗುವ ಸಾಧ್ಯತೆ 72 ಡಬ್ಬಿಗಳಲ್ಲಿ ಒಂದು. ಆ ವರ್ಷದ ಜೂನ್‌ನಲ್ಲಿ ಬೀಜಿಂಗ್‌ನ ಹರಾಜಿನಲ್ಲಿ ಆಳೆತ್ತರದ ಒಂದು ಲಬೂಬು 10.8 ಲಕ್ಷ ಯುವಾನ್‌ಗೆ, ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಕೋಟಿ ರೂಪಾಯಿಗೂ ಹೆಚ್ಚಿಗೆ ಹೋಯಿತು. ಮುಚ್ಚಿದ ಡಬ್ಬಿ ಒಡೆಯುವ ಗಳಿಗೆಯ ಖುಷಿ ನನಗೂ ಅರ್ಥವಾಗುತ್ತದೆ. ಆದರೆ ಹೊಸಬರು ಅಲ್ಲಿಂದ ಶುರು ಮಾಡುವುದು ಬೇಡ. ಅಲ್ಲಿ ಆರಿಸುವುದು ನೀವಲ್ಲ, ಅದೃಷ್ಟ. ಸಿಕ್ಕಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ, ತಪ್ಪಿದ್ದೇ ಕಾಡುತ್ತದೆ. ಕೈ ಚಾಚಿ, ನೋಡಿ, ತಿರುಗಿಸಿ, ಬೆಲೆ ಕೇಳಿ, ಬೇಡ ಎಂದು ಒಮ್ಮೆ ಕೆಳಗಿಟ್ಟು, ಮತ್ತೆ ಎತ್ತಿಕೊಂಡ ಗೊಂಬೆ ಮಾತ್ರ ನಿಮ್ಮದಾಗುತ್ತದೆ.

ಡಬ್ಬಿಯೊಳಗಿನ ಗೊಂಬೆ ಹೊಸ ಉಪಾಯವೇನೂ ಅಲ್ಲ. ಈಗ ಅರವತ್ತು ದಾಟಿದವರನ್ನು ಕೇಳಿ ನೋಡಿ, ಬಿನಾಕಾ ಟೂತ್‌ಪೇಸ್ಟಿನ ಡಬ್ಬಿಯಲ್ಲಿ ಬರುತ್ತಿದ್ದ ಪುಟ್ಟ ಪ್ಲಾಸ್ಟಿಕ್ ಪ್ರಾಣಿಗಳನ್ನು ನೆನೆಯುತ್ತಾರೆ. ಸೀಬಾ ಕಂಪನಿಯ ಪೇಸ್ಟ್ ಅದು. 1952ರಿಂದ ರೇಡಿಯೊ ಸಿಲೋನ್‌ನಲ್ಲಿ ಅಮೀನ್ ಸಯಾನಿ ನಡೆಸಿಕೊಟ್ಟ ಬಿನಾಕಾ ಗೀತಮಾಲಾದ ಹೆಸರು ಅದರದ್ದೇ. ಮುಂದೆ ಸಿಬಾಕಾ ಆಯಿತು, 1994ರಲ್ಲಿ ಕೋಲ್ಗೇಟ್ ಕೈಸೇರಿತು. ಪಾವಗಡದಲ್ಲಿ ನನ್ನ ಹತ್ತಿರ ಬಟ್ಟೆ ಹೊಲಿಸುವ ನಿವೃತ್ತ ಮೇಷ್ಟ್ರೊಬ್ಬರು ಆ ಗೊಂಬೆಗಳನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಇಟ್ಟುಕೊಂಡಿದ್ದಾರೆ. ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡವು ಅಷ್ಟೆ. ಆದರೆ ಜಿಂಕೆಯ ಕಿವಿ, ಮೊಸಳೆಯ ಬೆನ್ನಿನ ಗಂಟು ಎಲ್ಲವೂ ಸ್ಪಷ್ಟ. ಒಂದು ಟ್ಯೂಬು ಮುಗಿಯುವವರೆಗೆ ಇನ್ನೊಂದು ಬರುವ ಹಾಗಿಲ್ಲ. ಮನೆಮಂದಿಯೆಲ್ಲ ಹಲ್ಲುಜ್ಜಿದರೂ ತಿಂಗಳು ಹಿಡಿಯುತ್ತಿತ್ತಂತೆ. ಆ ತಿಂಗಳು ಪೂರ್ತಿ ಅದೊಂದೇ ಪ್ರಾಣಿಯ ಜೊತೆ ಆಟ. ಇಷ್ಟು ವರ್ಷವಾದರೂ ಮೇಷ್ಟ್ರು ಬಾಟಲಿಯಿಂದ ಯಾವುದನ್ನು ತೆಗೆದರೂ ಅದು ಬಂದ ಕಾಲಕ್ಕೆ ಮನೆಯಲ್ಲಿ ಏನು ನಡೆದಿತ್ತು ಎಂದು ಹೇಳಬಲ್ಲರು. ಸಂಗ್ರಹ ಎಂದರೆ ನನ್ನ ಪಾಲಿಗೆ ಆ ಬಾಟಲಿ. ನಿಧಾನವಾಗಿ ಬಂದದ್ದರಿಂದಲೇ ಅವರಿಗೆ ಅದರ ಪ್ರತಿಯೊಂದೂ ಗೊತ್ತು.

ಹಾಗಾದರೆ ಹೊಸಬರು ಉತ್ಸಾಹ ಉಳಿಸಿಕೊಳ್ಳುವುದು ಹೇಗೆ? ಇನ್ನೊಂದು ಗೊಂಬೆ ತರುವ ಮುಂಚೆ ಇರುವ ಗೊಂಬೆಯನ್ನು ತಿಳಿದುಕೊಳ್ಳಿ. ನನಗೆ ಈ ದಾರಿ ತೋರಿಸಿದ್ದು ನನ್ನ ಚನ್ನಪಟ್ಟಣದ ಗೊಂಬೆ. ಕೆಂಪು ಸೀರೆ, ಹಳದಿ ಮುಖ, ಕೈ ಕಾಲು ಇಲ್ಲದ ದುಂಡು ಹೆಂಗಸು. ತಂದ ಹೊಸದರಲ್ಲಿ ಚಂದ ಎನ್ನುವುದಷ್ಟೇ ಗೊತ್ತಿತ್ತು. ಆಮೇಲೆ ಕೇಳುತ್ತಾ ಓದುತ್ತಾ ಹೋದೆ. ಅದು ಹಾಲೆ ಮರದ್ದು. ಮರವನ್ನು ತಿಂಗಳುಗಟ್ಟಲೆ ಒಣಗಿಸಿ, ತುಂಡು ಮಾಡಿ, ಲೇತ್‌ಗೆ ಕೊಟ್ಟು ಉಳಿಯಿಂದ ರೂಪ ತೆಗೆಯುತ್ತಾರೆ. ಬಣ್ಣವನ್ನು ಕುಂಚದಲ್ಲಿ ಹಚ್ಚುವುದಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಗಿರಗಿರನೆ ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ಕೊನೆಗೆ ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಇಷ್ಟು ತಿಳಿದಮೇಲೆ ನನ್ನ ಗೊಂಬೆಯ ಸೊಂಟದ ಸುತ್ತಲಿನ ತೆಳು ಗೆರೆ ಅಲಂಕಾರ ಮಾತ್ರ ಅಲ್ಲ, ಒಬ್ಬ ಕುಶಲಕರ್ಮಿಯ ಕೈ ಎಲ್ಲಿ ನಿಂತಿತು ಎಂಬುದರ ಗುರುತು ಎಂದು ಕಾಣತೊಡಗಿತು. ಹೊಲಿಗೆ ಮಾಡುವವಳಿಗೆ ಇದು ಬೇಗ ಅರ್ಥವಾಗುತ್ತದೆ. ಎಲ್ಲಿ ದಾರ ಕಟ್ಟಿದೆ ಎಂದು ನೋಡಿದರೆ ಹೊಲಿದವರ ಕೈ ಗೊತ್ತಾಗುತ್ತದಲ್ಲ, ಹಾಗೆ.

ಆ ಕಸುಬೂ ಕಲಿಯುತ್ತಲೇ ಬೆಳೆದದ್ದು. ಟಿಪ್ಪು ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳು ಬಂದು ಕಲಿಸಿದರು ಎಂಬ ಮಾತಿದೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಾವಾಸ್ ಮಿಯಾನ್ ಅವರು ಜಪಾನಿನ ತಂತ್ರ ತಂದರೆಂದು ಅವರನ್ನು ಚನ್ನಪಟ್ಟಣದ ಗೊಂಬೆಗಳ ಪಿತಾಮಹ ಎನ್ನುತ್ತಾರೆ. ಜಪಾನಿನ ಕೊಕೆಶಿ ಗೊಂಬೆಗಳನ್ನು ಚಿತ್ರದಲ್ಲಿ ನೋಡಿದಾಗ ನನಗೆ ಬಹಳ ಸಂತೋಷವಾಯಿತು. ಅವಕ್ಕೂ ಕೈ ಕಾಲು ಇಲ್ಲ, ಅವೂ ಲೇತ್‌ನಲ್ಲಿ ಕಡೆದ ದುಂಡು ಹೆಂಗಸರೇ. ಆಂಧ್ರದ ಏಟಿಕೊಪ್ಪಾಕದಲ್ಲೂ ಇದೇ ಹಾಲೆ ಮರಕ್ಕೆ ಹೀಗೇ ಅರಗು ಹಚ್ಚುತ್ತಾರೆ. ಅಲ್ಲಿ ಆ ಮರಕ್ಕೆ ಅಂಕುಡು ಎನ್ನುತ್ತಾರೆ. ಒಂದು ಗೊಂಬೆಯ ನಂಟು ಎಲ್ಲೆಲ್ಲಿಗೆ ಹೋಯಿತು ನೋಡಿ! ನೂರು ಗೊಂಬೆ ಇದ್ದೂ ಒಂದರ ಮರ ಯಾವುದೆಂದು ಗೊತ್ತಿಲ್ಲದವರಿಗಿಂತ ಇದನ್ನು ತಿಳಿದವರು ಬಡವರೆಂದು ನಾನು ಒಪ್ಪುವುದಿಲ್ಲ.

ಕಿನ್ನಾಳದ ಗೊಂಬೆ ನನಗೆ ಇನ್ನೂ ಹತ್ತಿರದ್ದು. ಕೊಪ್ಪಳದ ಪಕ್ಕದ ಊರು ಅದು. ಚಿತ್ರಗಾರ ಮನೆತನಗಳು ಹಗುರವಾದ ಮರದಲ್ಲಿ ಗೊಂಬೆಯ ಭಾಗಗಳನ್ನು ಬೇರೆಬೇರೆಯಾಗಿ ಕೆತ್ತಿ ಅಂಟಿಸುತ್ತಾರೆ. ಆ ಅಂಟು ಹುಣಸೆ ಬೀಜದ್ದು. ಹುಣಸೆ ಬೀಜದ ಸರಿಗೆ ಮರದ ಹೊಟ್ಟು ಕಲಸಿ, ಸೆಣಬಿನ ಚಿಂದಿ ಸೇರಿಸಿ, ಮೈಮೇಲಿನ ಉಬ್ಬುತಗ್ಗುಗಳನ್ನು ತುಂಬುತ್ತಾರೆ. ಅದರ ಮೇಲೆ ಬಣ್ಣ. ನಮ್ಮ ಪಾವಗಡದ ಹೊಲಗಳ ಬದುವಿನಲ್ಲಿ ಮಳೆ ಬರಲಿ ಬಿಡಲಿ ನಿಲ್ಲುವ ಮರ ಹುಣಸೆ. ತುಮಕೂರಿನ ಹುಣಸೆ ಮಾರುಕಟ್ಟೆಗೆ ಹಣ್ಣು ಹೊತ್ತು ಹೋಗದ ಮನೆ ನಮ್ಮ ಕಡೆ ಕಡಿಮೆ. ಹಣ್ಣು ಕುಟ್ಟಿ ಬೀಜ ಬೇರೆ ಮಾಡುವ ಕೂಲಿಗೆ ನಾನೂ ಹುಡುಗಿಯಾಗಿದ್ದಾಗ ಕೂತವಳು, ಬೆರಳ ಸಂದಿಯೆಲ್ಲ ಹುಳಿ ಕಡಿಯುತ್ತಿತ್ತು. ಆ ಬೀಜವೇ ಕೊಪ್ಪಳದ ಗೌರಿಯ ತೋಳನ್ನು ಭುಜಕ್ಕೆ ಕೂಡಿಸುತ್ತದೆ ಎಂದು ತಿಳಿದ ದಿನ, ‘ನಮ್ಗ್ಯಾಕಮ್ಮ’ ಎಂದಿದ್ದ ಅತ್ತೆಗೆ ಹೇಳಿದೆ. ಅವರು ಗೊಂಬೆಯನ್ನು ಕೈಗೆ ತೆಗೆದುಕೊಂಡು ಸುಮಾರು ಹೊತ್ತು ತಿರುಗಿಸಿ ನೋಡಿದರು. ಈಗ ಅದರ ದೂಳು ಒರೆಸುವವರು ಅವರೇ.

ಗಡಿಯಾಚೆ ಧರ್ಮಾವರದ ಕಡೆ ನಿಮ್ಮಲಕುಂಟ ಎಂಬ ಊರಿದೆ. ತೊಗಲು ಗೊಂಬೆಯವರ ಊರು. ಅಲ್ಲಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಆಡಿಸುವ ದೊಡ್ಡ ಗೊಂಬೆಗಳನ್ನು ಕೊಳ್ಳುವ ಶಕ್ತಿ ನನಗಿಲ್ಲ, ಇಡಲು ಜಾಗವೂ ಇಲ್ಲ. ಅಂಗೈಯಗಲದ ಒಂದು ಜಿಂಕೆ ನನ್ನಲ್ಲಿದೆ. ಆಡಿನ ಚರ್ಮವನ್ನು ಹದ ಮಾಡಿ, ತೂತು ಕೊರೆದು, ಎರಡೂ ಮೈಗೆ ಬಣ್ಣ ತುಂಬಿದ್ದು. ಅದನ್ನು ಗೋಡೆಗೆ ಅಂಟಿಸಬೇಡಿ, ಬೆಳಕಿಗೆ ಹಿಡಿಯಿರಿ, ಆಗಲೇ ಬಣ್ಣ ಏಳುವುದು.

ದುಡ್ಡಿನ ಮಾತೂ ಬೇಕು. ಹೊಲಿಗೆಯಲ್ಲಿ ಫಾಲ್ ಹಚ್ಚುವ ಕೆಲಸದ ದುಡ್ಡನ್ನು ಬೇರೆ ಡಬ್ಬಿಯಲ್ಲಿ ಹಾಕುತ್ತೇನೆ. ಗೊಂಬೆಗೆ ಅದೇ, ಅದಕ್ಕಿಂತ ಹೆಚ್ಚಿಲ್ಲ. ಸಂಘದ ಸಾಲದಿಂದ, ಮನೆ ರೇಷನ್ನಿನ ದುಡ್ಡಿನಿಂದ ಗೊಂಬೆ ಬರಬಾರದು. ಡಬ್ಬಿ ಖಾಲಿ ಇದ್ದ ತಿಂಗಳು ನೋಡಿಕೊಂಡು ಬರುವುದು, ಅಷ್ಟೆ. ಶನಿವಾರ ಪಾವಗಡದ ಶನಿಮಹಾತ್ಮ ದೇವಸ್ಥಾನಕ್ಕೆ ಜನ ಸೇರುತ್ತಾರೆ. ಸುತ್ತಲಿನ ಅಂಗಡಿಗಳಲ್ಲಿ ಪ್ಲಾಸ್ಟಿಕ್ಕು, ಪಿಒಪಿ, ಒಮ್ಮೊಮ್ಮೆ ಮಣ್ಣಿನವೂ ಇರುತ್ತವೆ. ಕೊಳ್ಳದೆ ನೋಡುವುದೂ ಸಂಗ್ರಹದ ಕೆಲಸವೇ. ಕಣ್ಣು ಪಳಗುವುದು ಅಲ್ಲಿ. ಅಚ್ಚಿನ ಗೆರೆ ಎಲ್ಲಿ ಸೇರಿದೆ, ಬಣ್ಣ ಅಂಚು ದಾಟಿದೆಯೇ, ಕಣ್ಣುಗಳು ಒಂದೇ ಕಡೆ ನೋಡುತ್ತಿವೆಯೇ ಎಂದು ಗಮನಿಸಲು ಕಲಿತವರಿಗೆ ಅಗ್ಗದ ರಾಶಿಯಲ್ಲೂ ಒಳ್ಳೆಯದು ಸಿಗುತ್ತದೆ.

ನಮ್ಮ ಬಿಸಿಲು, ದೂಳು ನೆನಪಿರಲಿ. ಅರಗು ಬಿಸಿಗೆ ಮೆದುವಾಗುತ್ತದೆ, ಕಿಟಕಿಯ ಬಿಸಿಲಿಗೆ ಚನ್ನಪಟ್ಟಣದ ಗೊಂಬೆ ಇಡಬಾರದು. ಮಣ್ಣಿನದಕ್ಕೆ ಒದ್ದೆ ಬಟ್ಟೆ ತಾಕಿಸಬಾರದು. ನಾನು ಹಳೇ ಪಂಚೆಯ ತುಂಡಿನಲ್ಲಿ ಒಣದಾಗಿ ಒರೆಸಿ, ಎತ್ತಿಡುವಾಗ ಅದೇ ಬಟ್ಟೆಯಲ್ಲಿ ಸುತ್ತಿ ನಡುವೆ ಬೇವಿನ ಸೊಪ್ಪು ಹಾಕುತ್ತೇನೆ. ಒಂದು ನೋಟ್‌ಬುಕ್ಕೂ ಇದೆ: ಎಲ್ಲಿ ಸಿಕ್ಕಿತು, ಯಾರು ಮಾಡಿದ್ದು ಎಂದರು, ಎಷ್ಟು ಕೊಟ್ಟೆ, ಅಂದು ಜೊತೆಗೆ ಯಾರಿದ್ದರು. ಕುಗ್ಗಿದಾಗ ಕಪಾಟು ನೋಡಬೇಡಿ, ಆ ಪುಸ್ತಕ ಓದಿ.

ಒಂದೇ ಥರದ್ದು ಎರಡು ಬಂದರೆ ನಷ್ಟ ಎಂದುಕೊಳ್ಳುವವರಿದ್ದಾರೆ. ನನಗೆ ಅದು ಹೊಸ ಸ್ನೇಹಕ್ಕೆ ಸಿಕ್ಕ ನೆಪ. ಆ ಹುಡುಗಿಯ ಎರಡನೇ ಕಾರು ಈಗ ಮಧುಗಿರಿಯ ಅವಳ ಗೆಳತಿಯ ಹತ್ತಿರ ಇದೆ, ಬದಲಿಗೆ ಒಂದು ಪುಟ್ಟ ಆನೆ ಬಂದಿದೆ. ಮುರಿದವೂ ಇರಲಿ. ಸಿಂಧೂ ನಾಗರಿಕತೆಯ ಊರುಗಳನ್ನು ಅಗೆದಾಗ ಸಿಕ್ಕ ಮಣ್ಣಿನ ಎತ್ತು, ಗಾಡಿಗಳಲ್ಲಿ ಎಷ್ಟೋ ಮುರಿದವು. ಮೊಹೆಂಜೊದಾರೊದ ಹೆಸರಾಂತ ನರ್ತಕಿ ಹತ್ತೂವರೆ ಸೆಂಟಿಮೀಟರ್ ಎತ್ತರದ ಕಂಚಿನ ಹುಡುಗಿ, ಅವಳ ಪಾದಗಳೇ ಇಲ್ಲ. ಅದಕ್ಕೆ ಯಾರೂ ಅವಳನ್ನು ಪಕ್ಕಕ್ಕೆ ಸರಿಸಿಲ್ಲ. ಇನ್ನು ‘ಮಕ್ಕಳಾಟ’ ಎನ್ನುವವರ ಮಾತಿಗೆ ಬೇಸರ ಪಡಬೇಡಿ. ನಾಲ್ಕು ಸಾವಿರ ವರ್ಷದ ಹಿಂದಿನ ಮಕ್ಕಳಾಟವನ್ನು ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯ ಗಾಜಿನೊಳಗೆ ಕಾಪಾಡುತ್ತಿದೆ.

ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದ ಬೊಂಬೆ ಮನೆಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ, ತಪ್ಪದೆ ಹೋಗಿ. ದಸರೆಯ ಹೊತ್ತಿಗೆ ದೇಶದ ಊರೂರಿನ ಗೊಂಬೆಗಳನ್ನು ಒಂದೇ ಕಡೆ ಕಾಣಬಹುದು. ನಮ್ಮದರ ಜೊತೆ ತೂಗಿ ನೋಡುವ ಕಣ್ಣನ್ನು ಮಾತ್ರ ಹೊರಗೆ ಬಿಟ್ಟು ಹೋಗಿ. ಅಂಥ ಕಡೆ ಹೋದಾಗ ನನಗೆ ತಟ್ಟುವ ಕೊರತೆ ಬೇರೆಯದು. ದಶಾವತಾರ ಇದೆ, ಜಂಬೂ ಸವಾರಿ ಇದೆ, ಶೆಟ್ಟಿ ದಂಪತಿ ಅಕ್ಕಿ ಬೇಳೆ ಮಾರುತ್ತಾ ಕೂತಿದ್ದಾರೆ. ಕಂಬಳಿ ಹೊದ್ದು ಕುರಿ ಹಿಂದೆ ನಡೆಯುವ ನಮ್ಮ ಶಿರಾ, ಪಾವಗಡದ ಅಜ್ಜ ಎಲ್ಲಿ? ಸಾಲಾಗಿ ಕೂತು ಗಿಡದಿಂದ ಕಡಲೆಕಾಯಿ ಬಿಡಿಸುವ ಹೆಂಗಸರು ಎಲ್ಲಿ? ಸೋಲಾರ್ ಪ್ಲೇಟಿನ ಕೆಳಗೆ ಹುಲ್ಲು ಕೀಳುವವಳು, ತಲೆಗೆ ಟವಲು ಕಟ್ಟಿಕೊಂಡು ಪ್ಲೇಟು ಒರೆಸುವವಳು ಯಾವ ಮೆಟ್ಟಿಲ ಮೇಲೂ ಇಲ್ಲ. ಹೊಸಬರ ಭಾಗ್ಯ ಇಲ್ಲಿದೆ. ಹಳೆಯ ಸಂಗ್ರಹಗಳಿಗೆ ತುಂಬಬೇಕಾದ ಸೆಟ್ಟುಗಳಿರುತ್ತವೆ, ನಮಗೆ ಅಂಥ ಕಟ್ಟುಪಾಡಿಲ್ಲ. ನಮ್ಮ ನೆಲದವರನ್ನೇ ಮೊದಲ ಮೆಟ್ಟಿಲಿಗೆ ಕೂರಿಸಬಹುದು.

ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮದವರು ಬೆಂಗಳೂರು, ಮೈಸೂರಿನ ಕಾವೇರಿ ಮಳಿಗೆಗಳಲ್ಲಿ ಮಾರುವುದನ್ನೇ ನಾಗಲಮಡಿಕೆಯ ಸುಬ್ರಹ್ಮಣ್ಯ ಸ್ವಾಮಿ ಜಾತ್ರೆಗೂ ಒಂದು ಸ್ಟಾಲಿನಷ್ಟು ತರಲಿ. ಐವತ್ತು, ನೂರು ರೂಪಾಯಿಯ ಸಣ್ಣ ಗೊಂಬೆಗಳಿರಲಿ. ಚನ್ನಪಟ್ಟಣದವರು, ಕಿನ್ನಾಳದವರು ಜಾತ್ರೆಯ ಜನರನ್ನು ಕಣ್ಣಾರೆ ನೋಡಿದರೆ ಮುಂದಿನ ವರ್ಷ ಕುರಿ ಕಾಯುವ ಅಜ್ಜನೂ ಬಂದಾನು. ಅಲ್ಲಿಯವರೆಗೆ ಕಾಯುತ್ತಾ ಕೂರುವವಳಲ್ಲ ನಾನು. ಬ್ಲೌಸಿನ ಚೂರು ಬಟ್ಟೆಯಲ್ಲಿ, ಒಳಗೆ ಹತ್ತಿ ತುಂಬಿ, ಕಡಲೆಕಾಯಿ ಬಿಡಿಸುವ ಹೆಂಗಸನ್ನು ಹೊಲಿಯುತ್ತಿದ್ದೇನೆ. ಮಂಡಿ ಮಡಚಿ ಕೂತ ಹಾಗೆ ಬರಲು ಲಂಗದ ಹಿಂಬದಿಗೆ ಒಂದು ಡಾರ್ಟ್ ಹಿಡಿಯಬೇಕಾಯಿತು. ಬರುವ ದಸರೆಗೆ ಅವಳು ಮೊದಲ ಮೆಟ್ಟಿಲಿಗೆ. ಮಧುಗಿರಿ, ಕೊರಟಗೆರೆ, ಶಿರಾ ಕಡೆ ಯಾರಾದರೂ ಹೀಗೆ ಈಗಷ್ಟೇ ಶುರು ಮಾಡಿದ್ದರೆ, ಹಬ್ಬಕ್ಕೆ ಮುಂಚೆ ತಿರುಮಣಿಗೆ ಬನ್ನಿ. ಬದಲಾಯಿಸಿಕೊಳ್ಳಲು ನನ್ನಲ್ಲಿ ಹಸಿರು ಗಿಣಿ ಎರಡಿವೆ.